ಹಳೇ ಕಟ್ಟಡದ ಆಫೀಸುಗಳಿಗೆ ಇನ್ಮೇಲೆ ವಿಟ್ರಿಫೈಡ್ ಟೈಲ್ಸ್ ಹಾಕಲ್ಲ, ಯಾಕೆ ಅಂದ್ರೆ

ಎಲ್ಲರಿಗೂ ನಮಸ್ಕಾರ,

ಬರೋ ತಿಂಗಳಿಂದ ಈ ಬದಲಾವಣೆ. ವಿಟ್ರಿಫೈಡ್ ಅಂದ್ರೆ ನೀರು ಅಷ್ಟಾಗಿ ಹೀರದ ಹಾಗೆ ಸುಟ್ಟ ಗಾಜಿನಂಥ ಟೈಲ್ಸು. ಹೊಸ ಬಿಲ್ಡಿಂಗ್ ಆದ್ರೆ ಮೊದಲಿನ ಹಾಗೇನೇ, ಏನೂ ವ್ಯತ್ಯಾಸ ಇಲ್ಲ. ಲಕ್ಷ್ಮೀಪುರಂ, ಚಾಮರಾಜಪುರಂ ಕಡೆ ಸುಣ್ಣದ ಗೋಡೆ ಇರೋ ಹಳೇ ಮನೆಗಳನ್ನ ಆಫೀಸು ಮಾಡ್ಕೊಳ್ತಿದೀರಲ್ಲ, ಅಂಥವಕ್ಕೆ ಮಾತ್ರ. ಫೋನಲ್ಲಿ ಒಬ್ಬೊಬ್ಬರಿಗೂ ಹೇಳಿ ಹೇಳಿ ಗಂಟಲು ಒಣಗಿ ಬರೀತಿದೀವಿ.

ಮೊದಲು ನಮ್ಮ ತಪ್ಪು ಒಪ್ಕೊಂಡುಬಿಡ್ತೀವಿ. ಒಬ್ಬ ಆಡಿಟರ್ ಆಫೀಸಲ್ಲಿ ಚೆನ್ನಾಗಿದ್ದ ರೆಡ್ ಆಕ್ಸೈಡ್ ನೆಲಾನ (ಸಿಮೆಂಟಿಗೆ ಕೆಂಪು ಬಣ್ಣ ಬೆರೆಸಿ ಉಜ್ಜಿ ಮಾಡ್ತಿದ್ದ ಹಳೇ ಕೆಂಪು ನೆಲ) ಬ್ರೇಕರ್ ಇಟ್ಟು ಒಡೆದು, ಎರಡು ಟ್ರ್ಯಾಕ್ಟರ್ ಡೆಬ್ರಿ ಹೊರಗೆ ಸಾಗಿಸಿ, ಬಿಳೀ ಟೈಲ್ಸ್ ಹಾಕಿ ಕೊಟ್ವಿ, ಅವರಿಗೂ ಖುಷಿ ನಮಗೂ ಖುಷಿ. ಎರಡನೇ ಮಳೆಗಾಲಕ್ಕೆ ಗೋಡೆ ಮಂಡಿ ಎತ್ತರದವರೆಗೂ ಉಬ್ಬಿ, ಬೆರಳು ತಾಗಿದ್ರೆ ಸಾಕು ಸುಣ್ಣ ಪುಡಿಪುಡಿಯಾಗಿ ಫೈಲ್ ಮೇಲೆ ಉದುರ್ತಿತ್ತು. ಆ ಕಾಲದ ಎಷ್ಟೋ ಮನೆಗಳ ಪಾಯದಲ್ಲಿ ತೇವ ತಡೆಯೋ ಪದರಾನೇ ಇರಲ್ಲ, ಮಣ್ಣಿನ ತೇವ ನೆಲದಲ್ಲಿ ಒಂದಿಷ್ಟು ಗೋಡೇಲಿ ಒಂದಿಷ್ಟು ಆರ್ಕೊಂಡು ಹೋಗ್ತಿರುತ್ತೆ, ನೆಲದ ಬಾಯಿ ಮುಚ್ಚಿದ್ರೆ ಅಷ್ಟೂ ಗೋಡೆಗೇ ಹತ್ತುತ್ತೆ. ನಮ್ಮ ಹಿರೀ ಮೇಸ್ತ್ರಿ ಅವತ್ತೇ ಬೇಡ ಅಂದಿದ್ರು, ನಾವು ಕೇಳ್ಲಿಲ್ಲ. ಆ ಗೋಡೆ ರಿಪೇರಿ ನಮ್ಮ ಖರ್ಚಲ್ಲೇ ಆಯ್ತು.

ಇನ್ನೊಂದು ಕಾರಣ ಕಾರ್ಬನ್ನು. ಕಂಪನಿಗಳಿಗೆ ಬಾಡಿಗೆ ಕೊಡೋ ಓನರ್‌ಗಳು ಈಗೀಗ ಕೇಳ್ತಾರೆ, ಲೋ ಕಾರ್ಬನ್ ನೆಲ (ಮಾಡೋವಾಗ ಕಾರ್ಬನ್ ಡೈಆಕ್ಸೈಡ್ ಹೊಗೆ ಕಮ್ಮಿ ಬಿಡೋದು) ಯಾವುದು, ಬಿದಿರು ಹಾಕಿಸೋಣ್ವಾ ಕಾರ್ಕ್ ಹಾಕಿಸೋಣ್ವಾ ಅಂತ. ಸ್ವಾಮಿ, ನೀವು ಈಗ ನಿಂತಿದೀರಲ್ಲ, ಅದೇ. ಅದಕ್ಕೂ ಸಿಮೆಂಟ್ ಹೋಗಿರುತ್ತೆ, ಸುಳ್ಳು ಹೇಳಲ್ಲ, ಆದ್ರೆ ಆ ಹೊಗೆ ನಿಮ್ಮ ತಾತನ ಕಾಲದಲ್ಲೇ ಹೋಗಿ ಆಯ್ತು. ಒಡೆದು ಹೊಸದು ಹಾಕಿದ್ರೆ ಮತ್ತೆ ಸಿಮೆಂಟು (ಪ್ರಪಂಚದ ಕಾರ್ಬನ್ ಡೈಆಕ್ಸೈಡಲ್ಲಿ ನೂರಕ್ಕೆ 7-8 ಪಾಲು ಸಿಮೆಂಟಿಂದಾನೇ), ಮತ್ತೆ ಸುಮಾರು 1200 ಡಿಗ್ರಿ ಗೂಡಲ್ಲಿ ಸುಟ್ಟ ಟೈಲ್ಸು, ಅದೂ ಗುಜರಾತಿನ ಮೋರ್ಬಿಯಿಂದ ಲಾರೀಲಿ ಬರ್ಬೇಕು.

ಹಾಗಾಗಿ ಇನ್ಮೇಲೆ ಮೊದಲು ಬಂದು ನೆಲ ತಟ್ಟಿ ನೋಡ್ತೀವಿ. ನಾಣ್ಯದಲ್ಲಿ ತಟ್ಟಿದಾಗ ಟಣ್ ಅಂದ್ರೆ ಗಟ್ಟಿ ಇದೆ, ಡಬ್ ಡಬ್ ಅಂದ್ರೆ ಕೆಳಗೆ ಪೊಳ್ಳು. ಪೊಳ್ಳಿರೋ ಕಡೆ ಮಾತ್ರ ಕಿತ್ತು ಸುಣ್ಣ-ಇಟ್ಟಿಗೆ ಪುಡಿ ಹಾಸು ಹಾಕಿ ತೇಪೆ ಹಾಕ್ತೀವಿ. ಸುಣ್ಣಾನೂ ಸುಡೋದೇ, ಆದ್ರೆ 900 ಡಿಗ್ರಿ ಸಾಕು, ಸಿಮೆಂಟಿಗೆ 1450 ಬೇಕು, ಜೊತೆಗೆ ಸುಣ್ಣ ಗಟ್ಟಿಯಾಗ್ತಾ ಗಾಳೀಲಿರೋ ಕಾರ್ಬನ್ ಒಂದಿಷ್ಟು ವಾಪಸ್ ಎಳ್ಕೊಳುತ್ತೆ. ತೇಪೆ ಬಣ್ಣ ಹಳೇದಕ್ಕೆ ಪೂರ್ತಿ ಸೇರಲ್ಲ, ಇದನ್ನ ಈಗಲೇ ಹೇಳ್ತಿದೀವಿ. ವರ್ಷಗಟ್ಟಲೆ ಕೊಬ್ಬರಿ ಎಣ್ಣೆ ಕುಡಿದು ಕಾಲು ಸವೆದು ಬಂದಿರೋ ಕೆಂಪು ಅದು, ಡಬ್ಬದಲ್ಲಿ ಸಿಗಲ್ಲ.

ಪೂರ್ತಿ ಹಾಳಾಗಿದ್ರೆ ಶಹಾಬಾದ್ ಕಲ್ಲು. ಕಲಬುರಗಿ ಕಡೆಯಿಂದ ಬರುತ್ತೆ, ಮೋರ್ಬಿಗೆ ಹೋಲಿಸಿದ್ರೆ ಅರ್ಧ ದಾರಿ, ಸುಡೋ ಕೆಲಸ ಇಲ್ಲ, ಕೊಯ್ದು ಪಾಲಿಶ್ ಮಾಡೋದಷ್ಟೇ. ಲಿನೋಲಿಯಂ ಕೇಳೋರೂ ಇದಾರೆ. ಅಸಲಿ ಲಿನೋಲಿಯಂ ಅಗಸೆ ಎಣ್ಣೆ, ಕಾರ್ಕ್, ಮರದ ಪುಡಿ, ಸೆಣಬಿಂದ ಆಗಿರುತ್ತೆ, ಒಳ್ಳೇದೇ, ಆದ್ರೆ ಆ ಹೆಸರಲ್ಲಿ ಪಿವಿಸಿ ಅನ್ನೋ ಪ್ಲಾಸ್ಟಿಕ್ ಶೀಟ್ ತಂದು ನಮ್ಮನ್ನ ಅಂಟಿಸಿ ಅನ್ನಬೇಡಿ.

ಟೈಮ್ ಜಾಸ್ತಿ ಹಿಡಿಯುತ್ತೆ. ತೇಪೆಗೆ ಕನಿಷ್ಠ ಒಂದು ವಾರ ನೀರು ಕಟ್ಬೇಕು, ಅಲ್ಲೀವರೆಗೂ ಟೇಬಲ್ ಇಡೋ ಹಾಗಿಲ್ಲ, ಒಂದೊಂದೇ ರೂಮ್ ಬಿಟ್ಕೊಡಿ. ಮೆಟೀರಿಯಲ್ ಖರ್ಚು ಇಳಿಯುತ್ತೆ, ಕೂಲಿ ಏರುತ್ತೆ, ಒಟ್ಟು ಬಿಲ್ ಹೆಚ್ಚುಕಮ್ಮಿ ಅಷ್ಟೇ ಬರಬಹುದು, ನೆಲ ನೋಡದೆ ಫೋನಲ್ಲಿ ರೇಟ್ ಹೇಳಲ್ಲ. ಚೇರುಗಳ ಗಟ್ಟಿ ಪ್ಲಾಸ್ಟಿಕ್ ಚಕ್ರ ತೆಗೆದು ರಬ್ಬರಿಂದು ಹಾಕಿಸಿ, ಕೆಂಪು ನೆಲದ ಮೇಲೆ ಗೀಟು ಬಿದ್ರೆ ಹೋಗಲ್ಲ. ಇಂಟರ್ನೆಟ್ ಕೇಬಲ್‌ನೋರು ನೆಲ ಕೊರೀತೀನಿ ಅಂದ್ರೆ ಬಿಡಬೇಡಿ, ಗೋಡೆ ಪಕ್ಕ ಪಟ್ಟಿಯೊಳಗೆ ಎಳೀಲಿ.

ಈಗಾಗಲೇ ಟೈಲ್ಸಿಗೆ ಅಡ್ವಾನ್ಸ್ ಕೊಟ್ಟಿರೋರಿಗೆ ದುಡ್ಡು ವಾಪಸ್ ಬೇಕಂದ್ರೆ ವಾಪಸ್, ಇಲ್ಲಾಂದ್ರೆ ಹೊಸ ಕೆಲಸಕ್ಕೆ ಹಿಡ್ಕೊಳ್ತೀವಿ. ಭಾನುವಾರ ಬಿಟ್ಟು ಯಾವತ್ತಾದ್ರೂ ಅಂಗಡಿ ಹತ್ರ ಬನ್ನಿ, ತೇಪೆ ಹಾಕಿರೋ ಒಂದು ತುಂಡು ನೆಲ ಬಾಗಿಲಲ್ಲೇ ಇದೆ, ಚಪ್ಪಲಿ ಬಿಟ್ಟು ನಿಂತು ನೋಡಿ.

ಇಂತಿ,
ನಿಮ್ಮ ನೆಲದ ಕೆಲಸದವರು, ಮೈಸೂರು