ಅಪ್ಪಾಜಿಗೆ, ಸೋನ್ಯಾಳ ಶಿಲುಬೆಯ ಬಗ್ಗೆ

ಸೇಂಟ್ ಪೀಟರ್ಸ್‌ಬರ್ಗ್

ಪ್ರೀತಿಯ ಅಪ್ಪಾಜಿ ಮತ್ತು ಅವ್ವನಿಗೆ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಅವ್ವನ ಮೊಣಕಾಲು ನೋವು ಕಡಿಮೆಯಾಗಿದೆ ಅಂತ ಕೇಳಿ ಸಮಾಧಾನವಾಯಿತು. ಎಣ್ಣೆ ಹಚ್ಚುವುದನ್ನು ಮಾತ್ರ ಬಿಡಬೇಡಿ.

ಅಪ್ಪಾಜಿ, ಮೊನ್ನೆ ಫೋನಿನಲ್ಲಿ ನೀವು ಕೇಳಿದ್ದು ತಲೆಯಲ್ಲೇ ಉಳಿದಿದೆ. ದಾಸ್ತೊಯೆವ್‌ಸ್ಕಿಯ 'ಅಪರಾಧ ಮತ್ತು ಶಿಕ್ಷೆ' ಓದುತ್ತಿದ್ದೀರಿ. 'ಕೊಲೆಯ ಕಥೆಯೊಳಗೆ ಶಿಲುಬೆ, ಬೈಬಲ್ ಎಲ್ಲ ಯಾಕೆ ತಂದು ತುರುಕಿದ್ದಾನೆ?' ಅಂದಿರಿ. ಅವಸರದಲ್ಲಿ ಉತ್ತರ ಹೇಳಲು ಮನಸ್ಸಾಗಲಿಲ್ಲ. ಅದಕ್ಕೇ ಈ ಕಾಗದ.

ಆ ಶಿಲುಬೆಗಳು ಯಾರ ಕೊರಳಿಂದ ಯಾರ ಕೊರಳಿಗೆ ಹೋಗುತ್ತವೆ, ಅದನ್ನಷ್ಟೇ ನೋಡುತ್ತಾ ಹೋಗಿ. ಇಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ದೀಕ್ಷಾಸ್ನಾನದ ದಿನ ಮಗುವಿನ ಕೊರಳಿಗೆ ಪುಟ್ಟ ಶಿಲುಬೆ ಹಾಕುತ್ತಾರೆ. ಅದನ್ನು ಅಂಗಿಯ ಒಳಗೆ, ಮೈಗೆ ತಾಗುವಂತೆ ಧರಿಸುತ್ತಾರೆ. ಗಿರವಿ ಅಂಗಡಿಯ ಮುದುಕಿಯನ್ನು ಕೊಂದ ರಾಸ್ಕೋಲ್ನಿಕೋವ್ ಅವಳ ಕೊರಳ ದಾರ ಕತ್ತರಿಸುತ್ತಾನೆ, ನೆನಪಿದೆಯಾ? ಅದರಲ್ಲಿ ಎರಡು ಶಿಲುಬೆ ಇರುತ್ತವೆ. ಒಂದು ಸೈಪ್ರಸ್ ಮರದ್ದು, ಇನ್ನೊಂದು ತಾಮ್ರದ್ದು. ಜೊತೆಗೆ ಜಿಡ್ಡು ಹಿಡಿದ ಒಂದು ಹಣದ ಚೀಲ. ಅವನು ಚೀಲವನ್ನು ಜೇಬಿಗೆ ಹಾಕಿಕೊಂಡು ಶಿಲುಬೆಗಳನ್ನು ಹೆಣದ ಎದೆಯ ಮೇಲೆ ಎಸೆಯುತ್ತಾನೆ.

ಮುಂದೆ, ಮನೆಯವರ ಹೊಟ್ಟೆಪಾಡಿಗಾಗಿ ವೇಶ್ಯೆಯಾದ ಹುಡುಗಿ ಸೋನ್ಯಾಳ ಹತ್ತಿರವೂ ಅಂಥವೇ ಎರಡು ಶಿಲುಬೆ ಕಾಣುತ್ತವೆ. ಸೈಪ್ರಸ್ ಮರದ್ದು ಅವಳದ್ದು. ತಾಮ್ರದ್ದು ಲಿಜಾವೆಟಾಳದ್ದು. ಮುದುಕಿಯ ತಂಗಿ, ಆ ಪಾಪದ ಹೆಂಗಸು. ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದಳು ಅನ್ನುವ ಒಂದೇ ಕಾರಣಕ್ಕೆ ಅವಳೂ ಕೊಡಲಿಗೆ ಬಲಿಯಾದಳು. ಬದುಕಿದ್ದಾಗ ಅವಳು ತನ್ನ ಶಿಲುಬೆಯನ್ನು ಸೋನ್ಯಾಳಿಗೆ ಕೊಟ್ಟು, ಸೋನ್ಯಾಳ ಹತ್ತಿರ ಒಂದು ಸಣ್ಣ ದೇವರ ಪಟ ಪಡೆದಿದ್ದಳು. ರಾಸ್ಕೋಲ್ನಿಕೋವ್ ತಪ್ಪು ಹೇಳಿಕೊಂಡಾಗ ಸೋನ್ಯಾ ತನ್ನ ಮರದ ಶಿಲುಬೆಯನ್ನು ಅವನಿಗೆ ಕೊಡಲು ಹೋಗುತ್ತಾಳೆ. ತಾನು ಲಿಜಾವೆಟಾಳದ್ದನ್ನು ಹಾಕಿಕೊಳ್ಳುತ್ತೇನೆ ಅನ್ನುತ್ತಾಳೆ. ಅವನು ಕೈ ಚಾಚಿ ಹಿಂದೆ ತೆಗೆದುಕೊಳ್ಳುತ್ತಾನೆ. ಪೊಲೀಸರ ಬಳಿಗೆ ಹೊರಡುವ ದಿನವೇ ಅದು ಅವನ ಕೊರಳಿಗೆ ಬೀಳುವುದು.

ನಾವು ಇಷ್ಟಲಿಂಗವನ್ನು ಮೈಯಿಂದ ಅಗಲಿಸುವುದಿಲ್ಲ, ಅಲ್ವಾ? ನಿಮ್ಮ ಕರಡಿಗೆಯನ್ನು ಯಾರಿಗಾದರೂ ಕೊಡುವುದನ್ನು ನಾನು ಊಹಿಸಲೂ ಆರೆ. ಇವರೂ ಶಿಲುಬೆಯನ್ನು ಹಾಗೇ ಜೋಪಾನ ಮಾಡುತ್ತಾರೆ. ಆದರೂ ಬಿಚ್ಚಿ ಇನ್ನೊಬ್ಬರಿಗೆ ಕೊಡುವ ಹಳೆಯ ಪದ್ಧತಿ ಇಲ್ಲಿತ್ತು. ಶಿಲುಬೆ ಬದಲಾಯಿಸಿಕೊಂಡವರು ಒಡಹುಟ್ಟಿದವರಂತೆ. ಅಂದಮೇಲೆ ಲೆಕ್ಕ ಹಾಕಿ ನೋಡಿ. ಸತ್ತವಳು ಸೋನ್ಯಾಳಿಗೆ ಅಕ್ಕ, ಸೋನ್ಯಾ ಕೊಂದವನಿಗೆ ತಂಗಿ. ಅವನು ತನ್ನ ಬಳಗದವಳನ್ನೇ ಕೊಂದ ಹಾಗಾಯಿತು. ಈ ಮಾತನ್ನು ದಾಸ್ತೊಯೆವ್‌ಸ್ಕಿ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಎರಡು ಅಗ್ಗದ ಶಿಲುಬೆಗಳ ಕೈಯಲ್ಲೇ ಹೇಳಿಸುತ್ತಾನೆ. ಇದು ಹೊಳೆದಾಗ ನನಗೆ ಮೈ ಜುಮ್ಮೆಂದಿತ್ತು.

ಸೋನ್ಯಾ ಲಾಜರನ ಕಥೆ ಓದುವ ಪುಸ್ತಕ ಕೂಡ ಲಿಜಾವೆಟಾ ತಂದುಕೊಟ್ಟದ್ದೇ. ಸತ್ತು ನಾಲ್ಕು ದಿನವಾದ ಲಾಜರನನ್ನು ಯೇಸು ಗೋರಿಯಿಂದ ಎಬ್ಬಿಸುವ ಕಥೆ ಅದು. 'ನಾಲ್ಕು' ಅನ್ನುವಲ್ಲಿ ಸೋನ್ಯಾ ಒತ್ತಿ ಓದುತ್ತಾಳೆ. ಆರುತ್ತಿರುವ ಮೋಂಬತ್ತಿಯ ಮುಂದೆ ಕೊಲೆಗಾರನೂ ವೇಶ್ಯೆಯೂ ಕೂತು ಸುವಾರ್ತೆ ಓದುವ ಈ ಅಧ್ಯಾಯ 1866ರಲ್ಲಿ ಕಾದಂಬರಿಯನ್ನು ಕಂತುಗಳಲ್ಲಿ ಅಚ್ಚುಹಾಕುತ್ತಿದ್ದ ಪತ್ರಿಕೆಯ ಸಂಪಾದಕರಿಗೆ ಹಿಡಿಸಲಿಲ್ಲ. ದಾಸ್ತೊಯೆವ್‌ಸ್ಕಿ ತಿದ್ದಿ ಬರೆಯಬೇಕಾಯಿತು. ಸೋನ್ಯಾ ಮೊದಲ ಸಲ ಮೈ ಮಾರಿ ಮನೆಗೆ ತಂದಿಟ್ಟ 30 ರೂಬಲ್, ಯೇಸುವನ್ನು ಹಿಡಿದುಕೊಟ್ಟ ಯೂದನಿಗೆ ಸಿಕ್ಕ 30 ಬೆಳ್ಳಿ ನಾಣ್ಯ, ಇಂಥ ಹೋಲಿಕೆಗಳು ಇನ್ನೂ ಇವೆ. ಅವುಗಳ ಮೇಲೆ ನನಗೆ ಅಷ್ಟು ಮೋಹವಿಲ್ಲ.

ತುರುಕಿದ್ದು ಅಂದಿರಲ್ಲ, ದಾಸ್ತೊಯೆವ್‌ಸ್ಕಿಯ ಬದುಕನ್ನೂ ನೋಡಿ. 1849ರ ಡಿಸೆಂಬರ್‌ನಲ್ಲಿ ಈ ಊರಿನ ಸೆಮ್ಯೊನೋವ್‌ಸ್ಕಿ ಮೈದಾನದಲ್ಲಿ ಅವನನ್ನು ಗುಂಡಿಕ್ಕಿ ಕೊಲ್ಲಲು ನಿಲ್ಲಿಸಿದ್ದರು. ಕೊನೆಯ ಗಳಿಗೆಯಲ್ಲಿ ಶಿಕ್ಷೆ ಬದಲಾಗಿ ಸೈಬೀರಿಯಾಕ್ಕೆ ಕಳಿಸಿದರು. ದಾರಿಯಲ್ಲಿ, ತೊಬೋಲ್ಸ್ಕ್‌ನಲ್ಲಿ, ಗಡೀಪಾರಾದ ಹಳೆಯ ಬಂಡಾಯಗಾರರ ಹೆಂಡತಿಯರು ಅವನಿಗೆ ಬೈಬಲ್ಲಿನ 'ಹೊಸ ಒಡಂಬಡಿಕೆ' ಪುಸ್ತಕ ಕೊಟ್ಟರು. ರಟ್ಟಿನೊಳಗೆ 10 ರೂಬಲ್ ಬಚ್ಚಿಟ್ಟಿದ್ದರು. ಓಮ್ಸ್ಕ್ ಜೈಲಿನ ನಾಲ್ಕು ವರ್ಷವೂ ಆ ಪುಸ್ತಕ ಅವನ ಜೊತೆಗಿತ್ತು. 1881ರಲ್ಲಿ ಕುಜ್ನೆಚ್ನಿ ಓಣಿಯ ಮನೆಯಲ್ಲಿ ಸಾಯುವ ದಿನವೂ ಹೆಂಡತಿಯ ಕೈಯಲ್ಲಿ ಅದನ್ನೇ ಓದಿಸಿದ. ಹೆಂಗಸೊಬ್ಬಳು ಕೈದಿಗೆ ಕೊಡುವ ಪುಸ್ತಕದ ಕಲ್ಪನೆ ದಾಸ್ತೊಯೆವ್‌ಸ್ಕಿಗೆ ಎಲ್ಲಿಂದ ಬಂತು ಅಂತ ಈಗ ನಿಮಗೇ ಗೊತ್ತಾಗುತ್ತದೆ.

ಸೋನ್ಯಾ ರಾಸ್ಕೋಲ್ನಿಕೋವ್‌ಗೆ ನಾಲ್ಕು ದಾರಿ ಕೂಡುವಲ್ಲಿ ಮಂಡಿಯೂರಿ ನೆಲಕ್ಕೆ ಮುತ್ತಿಡು ಅನ್ನುತ್ತಾಳಲ್ಲ, ಆ ಸೆನ್ನಾಯಾ ಚೌಕದಲ್ಲಿ ಈಗ ಮೆಟ್ರೋ ನಿಲ್ದಾಣವಿದೆ. ಈಗಲೂ ಜನ ಜಾಸ್ತಿ. ಕಾದಂಬರಿಯಲ್ಲಿ ಅವನು ಮುತ್ತಿಟ್ಟಾಗ ಸುತ್ತ ನಿಂತವರು ನಗುತ್ತಾರೆ. ಕುಡಿದವನೊಬ್ಬ, 'ಇವನು ಜೆರುಸಲೇಮಿಗೆ ಹೊರಟಿದ್ದಾನೆ' ಅನ್ನುತ್ತಾನೆ. ತಮಾಷೆಗೆ ಅಂದ ಮಾತು, ನಿಜವೂ ಹೌದು. ನಗು ಕೇಳಿ, 'ನಾನು ಕೊಂದೆ' ಅನ್ನುವ ಮಾತು ಅವನ ಬಾಯಲ್ಲೇ ಉಳಿಯುತ್ತದೆ.

ಇದಾದ ಮೇಲೆ ದಾಸ್ತೊಯೆವ್‌ಸ್ಕಿಯ ಇನ್ನೊಂದು ಕಾದಂಬರಿ 'ಈಡಿಯಟ್' ಓದಿ. ಅಲ್ಲಿ ಮೀಷ್ಕಿನ್‌ನ ತವರದ ಶಿಲುಬೆ ರೊಗೋಜಿನ್‌ಗೆ ಹೋಗುತ್ತದೆ, ರೊಗೋಜಿನ್‌ನ ಚಿನ್ನದ್ದು ಮೀಷ್ಕಿನ್‌ಗೆ ಬರುತ್ತದೆ. ಅಣ್ಣತಮ್ಮ ಆದ ಅದೇ ದಿನ ಒಬ್ಬ ಇನ್ನೊಬ್ಬನ ಮೇಲೆ ಚಾಕು ಎತ್ತುತ್ತಾನೆ. ಶಿಲುಬೆ ಕಟ್ಟಿಕೊಂಡ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅಂತ ದಾಸ್ತೊಯೆವ್‌ಸ್ಕಿ ಎಲ್ಲೂ ನಂಬಿಸುವುದಿಲ್ಲ.

ನೀವಿನ್ನೂ ಕೊನೆಯ ಸೈಬೀರಿಯಾ ಭಾಗಕ್ಕೆ ಬಂದಿಲ್ಲ ಅಂದಿರಿ. ಅದು ಕೃತಕ ಅಂತ ಹೇಳುವ ವಿಮರ್ಶಕರಿದ್ದಾರೆ. ನಾನು ಒಪ್ಪುವುದಿಲ್ಲ. ಲಾಜರನ ಕಥೆ ಓದಿದ ಅದೇ ಪುಸ್ತಕ ಅಲ್ಲಿ ರಾಸ್ಕೋಲ್ನಿಕೋವ್‌ನ ತಲೆದಿಂಬಿನ ಕೆಳಗಿದೆ, ಅವನು ಅದನ್ನಿನ್ನೂ ತೆರೆದಿಲ್ಲ. ಓದಿ ಮುಗಿಸಿ ನಿಮಗೇನನ್ನಿಸಿತು ಅಂತ ಬರೆಯಿರಿ. ಫೋನಿನಲ್ಲಿ ಬೇಡ, ಕಾಗದದಲ್ಲೇ ಬರೆಯಿರಿ.

ನಿಮ್ಮ ಮಗಳು