ಅಗ್ಗದ ದರವೊಂದೇ ಸಾಲದು

ಮಾನ್ಯ ಸಂಪಾದಕರೇ,

ವಿದ್ಯುತ್ ವಾಹನಗಳು ಹೆಚ್ಚಿದರೆ ಅವುಗಳಿಗೆ ಬೇಕಾಗುವ ವಿದ್ಯುತ್ತನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆ ಪದೇ ಪದೇ ಕೇಳಿಬರುತ್ತಿದೆ. ವಿದ್ಯುತ್ ಜಾಲದ ಮಟ್ಟಿಗೆ ಅದಕ್ಕಿಂತ ತೊಡಕಿನ ಪ್ರಶ್ನೆಯೆಂದರೆ ಆ ವಿದ್ಯುತ್ ಯಾವ ಹೊತ್ತಿನಲ್ಲಿ ಬೇಕು ಎಂಬುದು.

ಸಂಜೆ ಏಳಕ್ಕೆ ಮನೆಗೆ ಬಂದ ಕಾರನ್ನು ಏಳು ಕಿಲೋವಾಟ್ ಸಾಮರ್ಥ್ಯದ ಚಾರ್ಜರ್‌ಗೆ ಜೋಡಿಸಿದರೆ, ಸುಮಾರು 80 ಕಿ.ಮೀ. ಓಡಾಟಕ್ಕೆ ಬೇಕಾದ 14 ಯೂನಿಟ್ ತುಂಬಲು ಎರಡು ಗಂಟೆ ಸಾಕು. ಆದರೆ ಆ ಕಾರು ಬೆಳಿಗ್ಗೆ ಏಳರವರೆಗೂ ಅಲ್ಲಿಯೇ ನಿಂತಿರುತ್ತದೆ. ಹನ್ನೆರಡರಲ್ಲಿ ಯಾವ ಎರಡು ಗಂಟೆ ಎಂಬುದು ಮಾಲೀಕನಿಗೆ ಮುಖ್ಯವಲ್ಲ. ಮನೆ ಮನೆಯಲ್ಲೂ ದೀಪ, ಒಲೆ, ಹವಾನಿಯಂತ್ರಕಗಳು ಚಾಲೂ ಇರುವ ಸಂಜೆಯ ಹೊತ್ತಿನಲ್ಲಿ ಒಂದೇ ಟ್ರಾನ್ಸ್‌ಫಾರ್ಮರ್‌ನಿಂದ ಇಂತಹ ಇಪ್ಪತ್ತು ಕಾರುಗಳು ಒಟ್ಟಿಗೆ 140 ಕಿಲೋವಾಟ್ ಎಳೆದರೆ ಮಾತ್ರ ಅದು ಇಡೀ ಬೀದಿಗೆ ಮುಖ್ಯವಾಗುತ್ತದೆ.

ಇದಕ್ಕೆ ಸಾಮಾನ್ಯವಾಗಿ ಸೂಚಿಸುವ ಪರಿಹಾರ ರಾತ್ರಿಯ ಅಗ್ಗದ ದರ. ಅದು ಬೇಕು, ಆದರೆ ಅದರಲ್ಲಿಯೂ ಒಂದು ಅಪಾಯವಿದೆ. ದರ ಇಳಿಯುವುದು ಹನ್ನೊಂದಕ್ಕೆ ಎಂದಾದರೆ ಎಲ್ಲರೂ ಟೈಮರನ್ನು ಹನ್ನೊಂದಕ್ಕೇ ಹೊಂದಿಸುತ್ತಾರೆ. ದಿನದ ಉಳಿದ ಹೊತ್ತಿನಲ್ಲಿ ಅಲ್ಲೊಂದು ಇಲ್ಲೊಂದು ಎಂಬಂತೆ ಹಂಚಿಹೋಗಿರುವ ಹೊರೆ ಆ ಒಂದು ನಿಮಿಷದಲ್ಲಿ ಏಕಕಾಲಕ್ಕೆ ಮೇಲೇರುತ್ತದೆ. ಬ್ರಿಟನ್ ಇದನ್ನು ಮೊದಲೇ ಊಹಿಸಿದಂತಿದೆ. ಅಲ್ಲಿ 2022ರ ಜೂನ್ 30ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ, ಮನೆ ಮತ್ತು ಕೆಲಸದ ಸ್ಥಳಗಳಿಗೆಂದು ಮಾರುವ ಹೊಸ ಚಾರ್ಜರ್‌ಗಳು ಗರಿಷ್ಠ ಬೇಡಿಕೆಯ ಹೊತ್ತನ್ನು ಬಿಟ್ಟು ಕೆಲಸ ಮಾಡುವಂತೆ ಮೊದಲೇ ಹೊಂದಿಸಿರಬೇಕು. ಜೊತೆಗೆ ಪ್ರತಿಯೊಂದು ಚಾರ್ಜರೂ ಹತ್ತು ನಿಮಿಷದೊಳಗಿನ ಯಾವುದೋ ಒಂದು ಯಾದೃಚ್ಛಿಕ ಅವಧಿಯಷ್ಟು ತಡವಾಗಿ ಆರಂಭವಾಗಬೇಕು. ತುರ್ತು ಇದ್ದವರು ಎರಡನ್ನೂ ಬದಿಗೊತ್ತಿ ಕೂಡಲೇ ಚಾರ್ಜ್ ಮಾಡಿಕೊಳ್ಳಬಹುದು. ಇಷ್ಟು ಸರಳ ವ್ಯವಸ್ಥೆಗೆ ಹೊಸ ತಂತ್ರಜ್ಞಾನವೇನೂ ಬೇಕಿಲ್ಲ, ನಿಯಮ ಬೇಕು.

ಹೀಗೆ ಜಾಲದ ಸ್ಥಿತಿಗೆ ತಕ್ಕಂತೆ ಹೊತ್ತು ನೋಡಿ ಚಾರ್ಜ್ ಮಾಡುವ ‘ಸ್ಮಾರ್ಟ್ ಚಾರ್ಜಿಂಗ್‌’ನ ನಿಜವಾದ ಲಾಭ ಇದಕ್ಕಿಂತ ಮುಂದೆ ಇದೆ. ಗಾಳಿ, ಬಿಸಿಲುಗಳಿಂದ ಬರುವ ವಿದ್ಯುತ್ ನಮ್ಮ ಅನುಕೂಲ ನೋಡಿ ಬರುವುದಿಲ್ಲ. ಮಧ್ಯಾಹ್ನ ಸೌರವಿದ್ಯುತ್ ಮಿಕ್ಕು ಫಲಕಗಳ ಉತ್ಪಾದನೆಯನ್ನೇ ತಗ್ಗಿಸಬೇಕಾದ ಸಂದರ್ಭಗಳಿವೆ. ಅಂತಹ ಹೊತ್ತಿನಲ್ಲಿ ಕಚೇರಿಗಳ ಆವರಣದಲ್ಲಿ ನಿಂತ ಕಾರುಗಳು ಅದನ್ನು ಹೀರಿಕೊಳ್ಳಬಲ್ಲವು. ಎಲ್ಲಿಯೋ ಒಂದು ದೊಡ್ಡ ಸ್ಥಾವರ ಹಠಾತ್ತನೆ ನಿಂತು ಪೂರೈಕೆ ಬೇಡಿಕೆಗಿಂತ ಕಡಿಮೆಯಾಗಿ ಜಾಲದ ಆವರ್ತನ ಎಂದಿನ 50 ಹರ್ಟ್ಸ್‌ಗಿಂತ ಕೆಳಗಿಳಿದರೆ, ಸಾವಿರಾರು ಚಾರ್ಜರ್‌ಗಳು ಕ್ಷಣಮಾತ್ರದಲ್ಲಿ ತಮ್ಮ ಬಳಕೆಯನ್ನು ತಗ್ಗಿಸಿ ನೆರವಾಗಬಲ್ಲವು. ಕಾರಿನ ಬ್ಯಾಟರಿಯಿಂದ ಜಾಲಕ್ಕೆ ವಿದ್ಯುತ್ ಮರಳಿಸುವ ಯೋಜನೆಯ ಬಗ್ಗೆ ಉತ್ಸಾಹದ ಮಾತುಗಳು ಬಹಳ. ಅದಕ್ಕೆ ಬೇರೆ ಬಗೆಯ ಚಾರ್ಜರ್ ಬೇಕು, ಬ್ಯಾಟರಿಯ ಸವಕಳಿಗೆ ಹೊಣೆ ಯಾರೆಂದು ತೀರ್ಮಾನವಾಗಬೇಕು. ಹೊತ್ತು ನೋಡಿ ಚಾರ್ಜ್ ಮಾಡುವುದಕ್ಕೆ ಇಂತಹ ಅಡ್ಡಿಗಳಿಲ್ಲ.

ಆದ್ದರಿಂದ ಚಾರ್ಜರ್‌ಗಳಿಗೆ ಸಹಾಯಧನ ಕೊಡುವ ಸರ್ಕಾರಗಳು, ಅವು ಜಾಲದ ಸೂಚನೆಯನ್ನು ಗ್ರಹಿಸುವಂತಿರಬೇಕು ಮತ್ತು ಒಂದೇ ಕಂಪನಿಯ ಆ್ಯಪ್‌ಗೆ ಕಟ್ಟುಬೀಳದೆ ಮುಕ್ತ ಮಾನದಂಡವನ್ನು ಪಾಲಿಸಬೇಕು ಎಂಬ ಷರತ್ತನ್ನು ಈಗಲೇ ವಿಧಿಸುವುದು ಒಳ್ಳೆಯದು. ಬೆಳಿಗ್ಗೆ ಎಷ್ಟು ಹೊತ್ತಿಗೆ, ಎಷ್ಟು ಚಾರ್ಜ್ ಬೇಕು ಎಂದು ಹೇಳುವ ಹಕ್ಕು ಮಾಲೀಕನದ್ದೇ ಆಗಿರಬೇಕು, ಕಾಯಲು ಒಪ್ಪಿದ್ದಕ್ಕೆ ಅವನ ಬಿಲ್ಲಿನಲ್ಲಿ ರಿಯಾಯಿತಿಯೂ ಕಾಣಬೇಕು. ಒಮ್ಮೆ ಗೋಡೆಗೆ ಕೂರಿಸಿದ ಚಾರ್ಜರನ್ನು ಯಾರೂ ಹಲವು ವರ್ಷ ಬದಲಿಸುವುದಿಲ್ಲವಾದ್ದರಿಂದ ಈ ಷರತ್ತು ಮಾರಾಟಕ್ಕೆ ಮುನ್ನವೇ ಬರಬೇಕು.

ಇಂತಿ,
ಒಬ್ಬ ಓದುಗ