ಆಟಿಸಂ: ತಾಲ್ಲೂಕಿನಲ್ಲೇ ಥೆರಪಿ ಸಿಗಲಿ

ಮಾನ್ಯ ಸಂಪಾದಕರೇ,

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ, ಮಾತು-ಸಂವಹನ ಮತ್ತು ಇತರರೊಡನೆ ಬೆರೆಯುವುದಕ್ಕೆ ತೊಡಕಾಗುವ ಆಟಿಸಂ ಕೂಡ ಒಂದು. ಆದರೆ ಸಕಲೇಶಪುರ ಭಾಗದ ನಮ್ಮಂಥ ಪೋಷಕರ ಕೈಗೆ ಸರ್ಕಾರದಿಂದ ಈವರೆಗೆ ಬಂದಿರುವುದು ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಮತ್ತು ಮಾಸಾಶನ ಮಾತ್ರ. ಅದಕ್ಕಾಗಿ ಓಡಾಡಿ ಅರ್ಜಿ ಹಾಕಿಸಿದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆಗೆ ನಾವು ಋಣಿಗಳು.

ತ್ರಿಚಕ್ರ ವಾಹನವನ್ನೋ ಶ್ರವಣ ಸಾಧನವನ್ನೋ ಖರೀದಿಸಿ ಸಮಾರಂಭದಲ್ಲಿ ವಿತರಿಸಬಹುದು. ಆಟಿಸಂ ಇರುವ ಮಗುವಿಗೆ ಬೇಕಿರುವುದು ತರಬೇತಿ ಪಡೆದವರ ಸಮಯ, ಅದೂ ವಾರವಾರವೂ, ವರ್ಷಗಟ್ಟಲೆ. ನೀರು ಬೇಕೆನಿಸಿದಾಗ ನನ್ನ ಮಗ ಮಾತಿಲ್ಲದೆ ನನ್ನ ಕೈ ಹಿಡಿದು ಬಿಂದಿಗೆಯ ಬಳಿಗೆ ಎಳೆದೊಯ್ಯುತ್ತಿದ್ದ. ಲೋಟವನ್ನು ಅವನ ಕಣ್ಣೆದುರು ಹಿಡಿದು, ಅವನಾಗಿಯೇ ಕೇಳುವವರೆಗೆ ತಾಳ್ಮೆಯಿಂದ ಕಾಯಬೇಕೆಂದು ಸ್ಪೀಚ್ ಥೆರಪಿಸ್ಟ್ ನನಗೆ ಹೇಳಿಕೊಟ್ಟ ಮೇಲೆ, ಮೊದಲು ಬೆರಳು ತೋರಿಸಲು ಕಲಿತ, ಕೆಲವು ತಿಂಗಳ ನಂತರ 'ನೀ' ಎಂದ. ಇಂಥ ಕಲಿಕೆ ಎಳೆಯ ವಯಸ್ಸಿನಲ್ಲೇ ಆರಂಭವಾದಷ್ಟೂ ಫಲ ಹೆಚ್ಚು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗಳಲ್ಲಿ ಮಕ್ಕಳ ಬೆಳವಣಿಗೆಯ ತಪಾಸಣೆ ನಡೆಯುತ್ತದೆ. ಕೊರತೆ ಕಂಡುಬಂದರೆ ಜಿಲ್ಲಾ ಕೇಂದ್ರಕ್ಕೆ ಕಳುಹಿಸುತ್ತಾರೆ. ತೊಡಕು ಆರಂಭವಾಗುವುದೇ ಅಲ್ಲಿಂದ. ಕಾಫಿ ತೋಟದ ಕೂಲಿ ಲೈನ್ ಮನೆಯಲ್ಲಿ ವಾಸಿಸುವ ತಾಯಿಯೊಬ್ಬಳು ಜನಸಂದಣಿ, ಹಾರ್ನ್ ಸದ್ದಿಗೆ ಬೆದರಿ ಕಿರುಚುವ ಮಗುವನ್ನು ಬಸ್ಸಿನಲ್ಲಿ ಹಾಸನಕ್ಕೆ ಕರೆದೊಯ್ಯಬೇಕಾದರೆ ಆ ದಿನದ ಕೂಲಿ ಬಿಡಬೇಕು. ವಾರಕ್ಕೆರಡು ದಿನ ಹೀಗೆ ಕೂಲಿ ಬಿಟ್ಟು ಯಾವ ಮನೆ ನಡೆದೀತು? ಮೂಡಿಗೆರೆ, ಕೊಪ್ಪದ ಕಡೆಯಿಂದ ಚಿಕ್ಕಮಗಳೂರಿಗೆ ಹೋಗಬೇಕಾದವರ ಪಾಡೂ ಬೇರೆಯಲ್ಲ.

ಆದ್ದರಿಂದ ರಾಜ್ಯ ಸರ್ಕಾರವು ಮುಂದಿನ ಬಜೆಟ್‌ನಲ್ಲಿ ಆಟಿಸಂ ಸೇವೆಗಳಿಗೆಂದೇ ಪ್ರತ್ಯೇಕ ಅನುದಾನ ತೆಗೆದಿರಿಸಿ, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬ ಸ್ಪೀಚ್ ಥೆರಪಿಸ್ಟ್ ಮತ್ತು ದಿನನಿತ್ಯದ ಕೆಲಸಗಳನ್ನು ತಾನೇ ಮಾಡಿಕೊಳ್ಳಲು ಕಲಿಸುವ ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್ ಹುದ್ದೆಯನ್ನು ಮಂಜೂರು ಮಾಡಬೇಕು. ಈ ಹುದ್ದೆಗಳು ಕಾಯಂ ಆಗಿರಬೇಕೆಂಬುದು ನನ್ನ ಒತ್ತಾಯದ ಮನವಿ. ಹೊಸ ಮುಖಕ್ಕೆ ಒಗ್ಗಿಕೊಳ್ಳಲು ತಿಂಗಳುಗಳೇ ಬೇಕಾಗುವ ಮಗು, ಗುತ್ತಿಗೆ ಮುಗಿದು ಥೆರಪಿಸ್ಟ್ ಬದಲಾದಾಗಲೆಲ್ಲ ಕಲಿತದ್ದರಲ್ಲಿ ಎಷ್ಟೋ ಮರೆತು ಹಿಂದೆ ಬೀಳುತ್ತದೆ. ಸ್ಪೀಚ್ ಥೆರಪಿಯಲ್ಲಿ ಪದವೀಧರರನ್ನು ರೂಪಿಸುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಪಕ್ಕದ ಮೈಸೂರಿನಲ್ಲೇ ಇರುವಾಗ, ಅಲ್ಲಿ ಕಲಿತವರು ಸಕಲೇಶಪುರದಂಥ ಊರಿನಲ್ಲಿ ನೆಲೆನಿಂತು ದುಡಿಯುವಂತೆ ತಕ್ಕ ಸಂಬಳ ಕೊಡುವುದು ಸರ್ಕಾರಕ್ಕೆ ಅಸಾಧ್ಯವೇನಲ್ಲ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಶಾಸಕರು ಪಕ್ಷಭೇದ ಬದಿಗಿಟ್ಟು, ಬಜೆಟ್ ಸಿದ್ಧತೆ ಮುಗಿಯುವ ಮೊದಲೇ ಈ ಬೇಡಿಕೆಯನ್ನು ಮುಖ್ಯಮಂತ್ರಿಯವರ ಮುಂದಿಡಬೇಕೆಂದು ಕೋರುತ್ತೇನೆ.

— ಒಬ್ಬ ತಾಯಿ, ಸಕಲೇಶಪುರ ತಾಲ್ಲೂಕು